ಷರತ್ತು ಬರೆಯುವವಳು, ಲೆಕ್ಕ ಬರೆದವರು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿದ ವರ್ಷ ಈ ಐದು ತಾಲೂಕುಗಳಲ್ಲಿ ಯಾರ ಮನೆ ಮತ್ತೆ ಎದ್ದಿತು, ಯಾರದು ವರ್ಷಗಟ್ಟಲೆ ತಗಡಿನ ಕೆಳಗೇ ಉಳಿಯಿತು ಎಂಬುದನ್ನು ಬಹಳ ಸಲ ನದಿಗಿಂತ ಹೆಚ್ಚಾಗಿ ಸರ್ಕಾರಿ ಆದೇಶದ ಒಂದು ಕಲಮು ತೀರ್ಮಾನಿಸಿದೆ. ಆ ಕಲಮುಗಳನ್ನು ಬರೆಯುವುದು ಒಂದು ವೃತ್ತಿ. ಅನುದಾನ ನೀತಿ ತಜ್ಞರು ಎಂದು ಅವರನ್ನು ಕರೆಯುತ್ತಾರೆ, ಊರಿನವರು ಅವರನ್ನು ಕಂಡದ್ದು ಕಡಿಮೆ. ಇಲ್ಲಿ ಮಾತಾಡುವ ಇಬ್ಬರಲ್ಲಿ ಕಿರಿಯಳು ಬೆಂಗಳೂರಿನಲ್ಲಿ ಆ ಕೆಲಸ ಮಾಡುವವಳು. ಹಿರಿಯರು ಅವಳ ಕಾಕಾ. ತಾಲೂಕು ಪಂಚಾಯತಿಯ ಲೆಕ್ಕಶಾಖೆಯಲ್ಲಿ ಉದ್ಯೋಗ ಮಾಡಿ ನಿವೃತ್ತರಾದವರು. ದೀಪಾವಳಿ ರಜೆಯಲ್ಲಿ ರಾಯಬಾಗ ಕಡೆಯ ಊರಿನ ಮನೆಯಲ್ಲಿ ಸುರುವಾದ ಮಾತು ಇದು.

ಹಿರಿಯರು: ನಿನ್ನ ಕೆಲಸ ಏನು ಅಂತ ಊರಾಗ ಕೇಳತಾರ ಮಗಳ. ಸರ್ಕಾರದ ರೊಕ್ಕ ಹಂಚತಾಳ ಅಂದ್ರ ನಾಳೆ ಮುಂಜಾನೆ ಅರ್ಜಿ ಹಿಡಕೊಂಡು ಬರತಾರ. ಏನಂತ ಹೇಳಲಿ?

ಕಿರಿಯಳು: ನಾ ಹಂಚೂದಿಲ್ಲ ಕಾಕಾ. ಹೆಂಗ ಹಂಚಬೇಕು ಅನ್ನೂದನ್ನ ಬರೀತೀನಿ. ಬಜೆಟ್ಟಿನಾಗ ಮೊತ್ತ ಇಟ್ಟ ಮ್ಯಾಲ ಅದು ಯಾರಿಗೆ ಸಲ್ಲಬೇಕು, ಯಾವ ಸೂತ್ರದ ಮ್ಯಾಲ, ಎಷ್ಟು ಕಂತಿನಾಗ, ಏನು ದಾಖಲೆ ನೋಡಿ, ಉಳದದ್ದು ಎಲ್ಲಿಗೆ ವಾಪಸ್ ಹೋಗಬೇಕು, ಇಷ್ಟನ್ನೂ ಮಾರ್ಗಸೂಚಿ ಅಂತ ಕರಡು ಮಾಡತೇವಿ. ಆರ್ಥಿಕ ಇಲಾಖೆ ಒಪ್ಪಿದ ಮ್ಯಾಲ ಅದು ಆದೇಶ. ಆಮ್ಯಾಲ ಬಳಕೆ ಪ್ರಮಾಣಪತ್ರ ಬಂದಾವೋ ಇಲ್ಲೋ ನೋಡಬೇಕು, ಮಹಾಲೇಖಪಾಲರ ಆಡಿಟ್ ಪ್ಯಾರಾಕ್ಕ ಉತ್ತರ ಕೊಡಬೇಕು.

ಹಿರಿಯರು: ಅಂದ್ರ ನಾ ಇಡೀ ನೌಕರಿ ಯಾವ ಕಾಗದಕ್ಕ ಉತ್ತರ ಬರದೆನೋ, ಆ ಕಾಗದ ಹುಟ್ಟೋ ಜಾಗಾದಾಗ ನೀ ಕುಂತಿ. ಛಲೋ ಆತು. ಹಂಗಾದ್ರ ಕೇಳತೀನಿ. ಹದಿನೈದನೇ ಹಣಕಾಸು ಆಯೋಗದ 2021ರಿಂದ 2026ರ ತನಕದ ರೊಕ್ಕ ಗ್ರಾಮ ಪಂಚಾಯತಿಗೆ ಬಂತು. ನೂರು ರೂಪಾಯಿದಾಗ ಅರವತ್ತು ಕಟ್ಟಿಟ್ಟದ್ದು. ಅದರಾಗ ಅರ್ಧ ನೀರಿಗೆ, ಅರ್ಧ ನೈರ್ಮಲ್ಯಕ್ಕ. ಉಳದ ನಲವತ್ತು ನಿಮಗ ಬಿಟ್ಟದ್ದು ಅಂತೀರಿ. ಮನಿ ಯಜಮಾನನ ಕೈಗೆ ರೊಕ್ಕ ಕೊಟ್ಟು, ಇದರಾಗ ಇಷ್ಟ ಜ್ವಾಳಾ ತರಬೇಕು, ಇಷ್ಟ ಎಣ್ಣಿ ತರಬೇಕು ಅಂತ ದಿಲ್ಲಿಯಿಂದ ಹೇಳಿದ್ರ ಅವನು ಯಜಮಾನ ಹೆಂಗಾದಾನು?

ಕಿರಿಯಳು: ನೀರು ಬ್ಯಾಡ ಅನ್ನೋ ಊರು ಯಾವುದೈತಿ ಕಾಕಾ?

ಹಿರಿಯರು: ಬ್ಯಾಡ ಅನ್ನಾಕತ್ತಿಲ್ಲ. 2019 ನೆನಪ ಮಾಡಿಕೋ. ಬ್ಯಾಸಗಿಯೊಳಗ ಕೃಷ್ಣಾ ಹೊಳಿ ಬತ್ತಿ ಉಗಾರ, ಕುಡಚಿ, ಅಥಣಿ ಕಡೆ ಜನ ಮಹಾರಾಷ್ಟ್ರ ನೀರು ಬಿಡಲಿ, ಕೊಯ್ನಾದಿಂದ ಬಿಡಲಿ ಅಂತ ಕುಂತಿದ್ರು. ಆಗಸ್ಟಿನಾಗ ಅದ ಹೊಳಿ ಮನಿಯೊಳಗ ಬಂತು. ಅಥಣಿ ಒಂದ ತಾಲೂಕಿನಾಗ ಹೊಳಿ ದಂಡಿ ಹಳ್ಳಿಗೆ ಬೋಟು ಬೇಕು, ತೆಲಸಂಗ ಕಡೆ ಟ್ಯಾಂಕರ್ ಬೇಕು. ದಂಡಿ ಮ್ಯಾಲಿನ ಊರಿಗೆ ಮೊದಲ ಬೇಕಾದದ್ದು ದನಕರ ಹೊಡಕೊಂಡು ಎತ್ತರದ ಜಾಗಾಕ್ಕ ಹೋಗೋ ದಾರಿ. ಆ ದಾರಿ ನಿಮ್ಮ ಅರವತ್ತರಾಗ ಎಲ್ಲೈತಿ?

ಕಿರಿಯಳು: ನಲವತ್ತರಾಗ ಐತಿ. ಪಗಾರಕ್ಕ, ಆಫೀಸ್ ಖರ್ಚಿಗೆ ಬಳಸಬಾರದು ಅಂತಷ್ಟ ನಿರ್ಬಂಧ. ದಾರಿ ಮಾಡಬಹುದಿತ್ತು. ಎಷ್ಟು ಪಂಚಾಯತಿ ಮಾಡಿದ್ವು? ನಾ ಕ್ರಿಯಾಯೋಜನೆ ಓದತೀನಿ ಕಾಕಾ, ನೂರಾರು ಓದೀನಿ. ಬಿಟ್ಟ ರೊಕ್ಕ ಯಾವಾಗಲೂ ಗಟ್ಟಿ ಸದಸ್ಯನ ವಾರ್ಡಿನ ಕಾಂಕ್ರೀಟ್ ರಸ್ತೆಗೆ ಹೋಗಿರತೈತಿ. ದಲಿತ ಕೇರಿಗೆ ಪೈಪಲೈನ್ ಬಂದದ್ದು ಕಟ್ಟಿಟ್ಟ ರೊಕ್ಕದಿಂದ. ಬಿಟ್ಟಿದ್ದರ ಬರತಿತ್ತೇನು ಅಂತ ನೀವ ಹೇಳ್ರಿ.

ಹಿರಿಯರು: (ಸ್ವಲ್ಪ ಹೊತ್ತು ಬಿಟ್ಟು) ಎಲ್ಲಾ ಊರಾಗ ಬರತಿದ್ದಿಲ್ಲ.

ಕಿರಿಯಳು: ಅದಕ್ಕ ಕಟ್ಟತೇವಿ. ನಿಪ್ಪಾಣಿ ಬೀಡಿ ಕಟ್ಟೋ ಹೆಣ್ಣುಮಕ್ಕಳನ್ನ ನೋಡ್ರಿ. 1976ರ ಕಾಯ್ದೆ ಪ್ರಕಾರ ಬೀಡಿ ಮ್ಯಾಲ ಒಂದು ಸೆಸ್ ಇತ್ತು. ಅದರಿಂದ ಬಂದದ್ದು ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ. ದವಾಖಾನಿ, ಮಕ್ಕಳ ವಿದ್ಯಾರ್ಥಿವೇತನ, ಮನಿ ಕಟ್ಟಾಕ ಸಹಾಯ. ಬ್ಯಾರೆ ಕಡೆ ಹಾಯಿಸಾಕ ಯಾರಿಗೂ ಹಕ್ಕಿದ್ದಿಲ್ಲ. 2017ರಾಗ ಜಿಎಸ್‌ಟಿ ಬಂತು, ಸೆಸ್ ಹೋತು. ಈಗ ಆ ಸವಲತ್ತು ವರ್ಷಾ ಬಜೆಟ್ಟಿನಾಗ ಎಷ್ಟು ಇಡತಾರೋ ಅಷ್ಟು. ಗಂಟು ಬಿಚ್ಚಿದ ಮ್ಯಾಲ ಬಡವರ ರೊಕ್ಕ ಎಲ್ಲರ ರೊಕ್ಕದಾಗ ಕೂಡಿ ಹೋತು. ಕಟ್ಟಿಲ್ಲದ ಅನುದಾನ ಕೇಳೋರು ಇದನ್ನ ಮರೀಬಾರದು.

ಹಿರಿಯರು: ಇಲ್ಲಿ ನೀ ಎರಡು ಬ್ಯಾರೆ ಬ್ಯಾರೆ ಸಂಗತಿ ಒಂದ ಮಾಡಾಕತ್ತಿ. ಬೀಡಿ ಸೆಸ್ಸನ್ನ ಕಟ್ಟಿದ್ದು ಜನರಿಗೆ. ಆ ಹೆಣ್ಣುಮಗಳ ರೊಕ್ಕ ಆ ಹೆಣ್ಣುಮಗಳಿಗೆ. ಅಂಥಾ ಕಟ್ಟು ಇರಲಿ, ಇನ್ನೂ ಬಿಗಿ ಮಾಡ್ರಿ. ನಾ ಬ್ಯಾಡ ಅನ್ನೂದು ಬಾಬತ್ತಿಗೆ ಕಟ್ಟೋದು. ಇಂಥಾ ಊರು ಇಂಥಾ ಕೆಲಸಾನ ಮಾಡಬೇಕು ಅಂತ ಊರು ನೋಡದವರು ಹೇಳೋದು.

ಕಿರಿಯಳು: ಜನರಿಗೆ ಕಟ್ಟಿದ್ದೂ ಸೋರತೈತಿ. ಪರಿಶಿಷ್ಟ ಜಾತಿ ಪಂಗಡದ ಉಪಯೋಜನೆಗೆ 2013ರಾಗ ರಾಜ್ಯ ಕಾಯ್ದೆ ಮಾಡಿತು. ಅದರಾಗ 7ಡಿ ಅಂತ ಒಂದು ಕಲಮು ಉಳೀತು. ಎಲ್ಲರಿಗೂ ಆಗೋ ಕಾಮಗಾರಿಯ ಒಂದು ಪಾಲನ್ನ ಇದೂ ಅವರ ಸಲುವಾಗಿ ಖರ್ಚಾತು ಅಂತ ಲೆಕ್ಕ ತೋರಿಸಾಕ ಅದು ದಾರಿ ಕೊಟ್ಟಿತು. 2023ರಾಗ ಆ ಕಲಮು ತಗದ್ರು. ಹತ್ತು ವರ್ಷ! ಒಂದು ಕಲಮಿನಾಗ ನಾಲ್ಕು ಶಬ್ದ ಸಡಿಲಾದ್ರ ಹತ್ತು ವರ್ಷದ ರೊಕ್ಕ ಹೋಗತೈತಿ. ರಾತ್ರಿ ಕರಡು ತಿದ್ದೋ ಮುಂದ ನನಗ ಇದ ಅಂಜಿಕಿ. ಬಿಗಿ ಬರದ್ರ ನೀವು ಬೈತೀರಿ. ಸಡಿಲ ಬರದ್ರ ಬೈಯಾಕ ದನಿ ಇಲ್ಲದವರು ಕಳಕೋತಾರ.

ಅವಳ ಈ ಮಾತಿನಲ್ಲಿ ಆ ವೃತ್ತಿಯ ನಿಜವಾದ ಭಾರವಿದೆ ಎಂದು ನನಗನ್ನಿಸುತ್ತದೆ. ಆದರೆ ಹಿರಿಯರು ಅಷ್ಟಕ್ಕೆ ಬಿಡಲಿಲ್ಲ. ಮಾತನ್ನು 2019ರ ಮನೆಗಳ ಕಡೆ ತಿರುಗಿಸಿದರು. ಹಿನ್ನೆಲೆ ಇಷ್ಟು: ಆ ವರ್ಷ ವಿಪತ್ತು ಪರಿಹಾರ ನಿಧಿಯ ಕೇಂದ್ರ ಮಾನದಂಡದ ಪ್ರಕಾರ ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ ಸಿಗುತ್ತಿದ್ದದ್ದು 95,100 ರೂಪಾಯಿ. ಅದರಲ್ಲಿ ಮನೆ ಏಳುವುದಿಲ್ಲವೆಂದು ರಾಜ್ಯ ಸರ್ಕಾರ ತನ್ನ ಹಣ ಸೇರಿಸಿ 5 ಲಕ್ಷಕ್ಕೆ ಏರಿಸಿತು. ಹಾನಿಯ ಪ್ರಮಾಣ ನೋಡಿ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಹಣ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಕಂತು ಕಂತಾಗಿ, ಕಟ್ಟಡ ಒಂದೊಂದು ಹಂತ ಮುಗಿದ ಫೋಟೊ ಜಿಪಿಎಸ್ ಸಮೇತ ಏರಿದ ಮೇಲೆ ಬರುತ್ತಿತ್ತು. ಕೇಂದ್ರದ ಮಾನದಂಡ 2022ರಲ್ಲಿ 1,20,000 ಆಯಿತು.

ಹಿರಿಯರು: ಐದು ಲಕ್ಷ ದೊಡ್ಡ ಮನಸ್ಸು. ಅದನ್ನ ಸಣ್ಣದು ಮಾಡಿ ಹೇಳೂದಿಲ್ಲ. ಖರೆ ಅದು ಬಂದ ರೀತಿ ನೋಡು. ಹೊಳಿ ದಂಡಿಯ ಹಳೇ ಮನಿ ಅಂದ್ರ ಮಣ್ಣಿನ ಗ್ವಾಡಿ, ಒಳಗ ಮೂರು ಮಂದಿ ಅಣ್ಣತಮ್ಮರು, ಮೂರು ಒಲಿ. ಉತಾರ ಮಾತ್ರ ಸತ್ತ ಅಜ್ಜನ ಹೆಸರಲೆ. ವಾಟ್ನಿ ಆಗಿಲ್ಲ. ಯಂತ್ರಕ್ಕ ಒಂದ ಮನಿ ಕಾಣತೈತಿ, ಒಂದ ಹೆಸರು ಬೇಕಾಗತೈತಿ. ರೊಕ್ಕ ಒಬ್ಬನ ಖಾತೆಗೆ ಬಂತು. ಅವ ಕಟ್ಟಿಕೊಂಡ. ಉಳದ ಇಬ್ಬರು ತಗಡಿನ ಶೆಡ್ಡಿನಾಗ. ಅಣ್ಣತಮ್ಮರ ನಡುವ ಮಾತು ಹೋತು. ನೆರಿಗೆ ಬಿದ್ದದ್ದು ಗ್ವಾಡಿ, ಕಲಮಿಗೆ ಬಿದ್ದದ್ದು ಮನಿ.

ಕಿರಿಯಳು: ಒಂದು ಮನಿಗೆ ಮೂರು ಪರಿಹಾರ ಕೊಡ್ರಿ ಅಂತ ಬರದ್ರ ಏನಾಗತೈತಿ ಹೇಳ್ರಿ. ಒಲಿ ಎಣಿಸೋರು ಯಾರು? ಇವತ್ತ ಒಂದ ಒಲಿ ಇದ್ದ ಮನಿಯೊಳಗ ನಾಳೆ ನಾಲ್ಕು ಒಲಿ ಹತ್ತತಾವ. ಬಿದ್ದಿರದ ಮನಿಗೂ ಎ ವರ್ಗ ಹಚ್ಚಿಸಿಕೊಂಡವರು ಇದ್ರು, ಬಿದ್ದ ಮನಿ ಪಟ್ಟಿಯಿಂದ ಬಿಟ್ಟುಹೋದವರೂ ಇದ್ರು. ಫೋಟೊ ಬ್ಯಾಡ, ಉತಾರ ಬ್ಯಾಡ ಅಂದ್ರ ಮೊದಲು ನುಗ್ಗೋರು ಯಾರು? ಶೆಡ್ಡಿನಾಗ ಇರೋ ನಿಮ್ಮ ಇಬ್ಬರು ತಮ್ಮರಲ್ಲ.

ಹಿರಿಯರು: ಗ್ರಾಮಸಭಾ ಹೇಳಲಿ. ಯಾರ ಮನಿಯೊಳಗ ಎಷ್ಟು ಒಲಿ ಅಂತ ಊರಿಗೆ ಗೊತ್ತಿರತೈತಿ.

ಕಿರಿಯಳು: ಊರಿಗೆ ಗೊತ್ತಿರತೈತಿ, ಊರು ಹೇಳತೈತೇನು? ಗ್ರಾಮಸಭಾದಾಗ ಎದ್ದು ಮಾತಾಡೋರು ನಾಲ್ಕು ಮಂದಿ, ನೀವ ನೋಡೀರಿ. ಎರಡು ಪಾರ್ಟಿ ಇರೋ ಊರಾಗ ಒಂದು ಪಾರ್ಟಿಯವರಿಗೆ ಎ, ಇನ್ನೊಂದು ಪಾರ್ಟಿಯವರಿಗೆ ಸಿ.

ಹಿರಿಯರು: ಹಂಗಾದ್ರ ರೇಷನ್ ಕಾರ್ಡ್ ಹಿಡೀರಿ. ಮೂರು ಸಂಸಾರಕ್ಕ ಮೂರು ಕಾರ್ಡು ಇರತಾವ. ನೆರಿ ಬರೂಕಿಂತ ಒಂದು ವರ್ಷ ಮೊದಲಿನ ಕಾರ್ಡು ಅಂತ ತಾರೀಖು ಹಾಕ್ರಿ. ಆಮ್ಯಾಲ ಮಾಡಿಸಿದ್ದು ನಡೆಯಂಗಿಲ್ಲ. ಕಾರ್ಡು ನಿಮ್ಮ ಸರ್ಕಾರದ್ದ, ಗಣಕಯಂತ್ರದಾಗ ಐತಿ. ಊರಿನವರ ಬಾಯಿ ಮಾತಲ್ಲ.

ಕಿರಿಯಳು: (ಪುಸ್ತಕ ತೆಗೆದು) ಇದು ಆಗೋ ಮಾತು. ನೆರೆಪೀಡಿತ ತಾಲೂಕಿನಾಗ ಅವಿಭಕ್ತ ಮನಿ ಬಿದ್ದರ, ಹಿಂದಿನ ವರ್ಷದ ಪಡಿತರ ಚೀಟಿ ಆಧಾರದ ಮ್ಯಾಲ ಸಂಸಾರ ಎಣಿಸಬೇಕು. ಪೂರ್ತಿ ಐದು ಲಕ್ಷ ಮೂರು ಸಲ ಕೊಡಾಕ ಆರ್ಥಿಕ ಇಲಾಖೆ ಒಪ್ಪೂದಿಲ್ಲ. ಮೊತ್ತ ಹಂಚಿ ಕೊಡಬಹುದು, ಇಲ್ಲಾ ಎರಡನೇ ಸಂಸಾರಕ್ಕ ಬ್ಯಾರೆ ವಸತಿ ಯೋಜನೆಯಾಗ ಮೊದಲ ಸರದಿ. ಬರದು ನೋಡತೀನಿ.

ಹಿರಿಯರು: ಫೋಟೊದ ಕಂತು?

ಕಿರಿಯಳು: ಅದನ್ನ ಬಿಡೂದಿಲ್ಲ.

ಹಿರಿಯರು: ಪಾಯಾ ಹಾಕಾಕ ಮೊದಲ ರೊಕ್ಕ ಬೇಕು. ಕೂಲಿ ಮಾಡಿ ತಿನ್ನೋನ ಕಡೆ ಎಲ್ಲೈತಿ? ಬಡ್ಡಿ ಸಾಲ ತಂದು ಪಾಯಾ ಹಾಕತಾನ, ಫೋಟೊ ಏರಸಾಕ ಪಂಚಾಯತಿಗೆ ಹೋಗತಾನ, ಪಿಡಿಒ ಸಾಹೇಬ್ರ ಮೀಟಿಂಗಿಗೆ ಹೋಗಿರತಾರ. ನೀವು ಕಂತು ಅಂತೀರಿ, ಅವನಿಗೆ ಅದು ಬಡ್ಡಿ.

ಕಿರಿಯಳು: ಕಂತಿಲ್ಲದ ಒಂದ ಸಲಕ್ಕ ಕೊಟ್ಟರ ಸಾಲ ಕೊಟ್ಟಾವ ಮನಿ ಮುಂದ ನಿಂತಿರತಾನ ಕಾಕಾ. ಮಗಳ ಮದುವಿ, ಕಬ್ಬಿನ ಸೊಸೈಟಿ ಬಾಕಿ. ರೊಕ್ಕ ಹೋಗತೈತಿ, ಮನಿ ಏಳೂದಿಲ್ಲ. ಮನಿ ಏಳಲಿ ಅಂತ ಕೊಟ್ಟ ರೊಕ್ಕ ಮನಿಗ ಆಗಲಿ ಅನ್ನೋದು ತಪ್ಪಲ್ಲ.

ಹಿರಿಯರು: ಅವನ ಸಂಸಾರ ಅವನಿಗೆ ಗೊತ್ತು ಅಂತ ನಾ ಅಂತೀನಿ.

ಕಿರಿಯಳು: ಅವನ ಹೆಂಡತಿಗೆ ಕೇಳಿದ್ರ ಫೋಟೊ ಇರಲಿ ಅಂತಾಳ ಅಂತ ನಾ ಅಂತೀನಿ.

ಇದೊಂದು ವಿಷಯದಲ್ಲಿ ಇಬ್ಬರೂ ಕೊನೆಯವರೆಗೆ ಒಪ್ಪಲಿಲ್ಲ. ಮಾತು ಕ್ಯಾಲೆಂಡರಿನ ಕಡೆ ಹೊರಳಿತು. ಈ ಭಾಗದ ಪಂಚಾಯತಿಗಳಿಗೆ ಅದರಷ್ಟು ತ್ರಾಸ ಕೊಟ್ಟದ್ದು ಬೇರೊಂದಿಲ್ಲ.

ಹಿರಿಯರು: ಮಾರ್ಚ್ 31 ಅಂತ ಯಾರು ಇಟ್ಟಾರೋ, ಅವರು ಕಬ್ಬಿನ ನಾಡು ನೋಡಿಲ್ಲ. ಮಳಿಗಾಲದಾಗ ಎರಿ ಮಣ್ಣಿನಾಗ ಪಾಯಾ ತೋಡಾಕ ಬರೂದಿಲ್ಲ. ದೀಪಾವಳಿ ಸುಮಾರಿಗೆ ಮಣ್ಣು ಆರತೈತಿ. ಅದ ಹೊತ್ತಿಗೆ ಕಾರ್ಖಾನಿ ಹಂಗಾಮು ಸುರು. ಟ್ರ್ಯಾಕ್ಟರ್ ಎಲ್ಲಾ ಕಬ್ಬಿನ ಹಿಂದ, ಆಳು ಕಬ್ಬಿನ ಟೋಳಿಯಾಗ. ಉಸುಕು ತರೋರಿಲ್ಲ, ಗೌಂಡಿ ಕೈಗೆ ಆಳಿಲ್ಲ. ಕಾರ್ಖಾನಿ ನಿಲ್ಲೋದು ಮಾರ್ಚ್ ಸುಮಾರಿಗೆ. ಊರಿಗೆ ಆಳು ತಿರುಗಿ ಬರೋ ಹೊತ್ತಿಗೆ ನಿಮ್ಮ ವರ್ಷ ಮುಗೀತು. ಮಾರ್ಚ್ ಕಡೀ ವಾರ ಫೋನ್ ಮ್ಯಾಲ ಫೋನು, ಬಳಕೆ ಪ್ರಮಾಣಪತ್ರ ಕಳಸ್ರಿ ಅಂತ. ಕೆಲಸ ಅರ್ಧಾ ಆಗಿರತೈತಿ, ಕಾಗದ ಪೂರ್ತಿ ಆಗಿರತೈತಿ.

ಕಿರಿಯಳು: ಆರ್ಥಿಕ ವರ್ಷ ಬದಲಿ ಮಾಡೋದು ನನ್ನ ಕೈಯಾಗಿಲ್ಲ. ಮೊದಲ ಕಂತು ಯಾವಾಗ ಬಿಡಬೇಕು ಅನ್ನೋದು ಮಾರ್ಗಸೂಚಿಯಾಗ ಬರಿಯೋ ಸಂಗತಿ. ಏಪ್ರಿಲದಾಗ ಬಿಟ್ಟರ ಏಪ್ರಿಲ್, ಮೇ ಎರಡು ತಿಂಗಳು ಆಳು ಇರತಾವ, ಮಣ್ಣು ಒಣಗಿರತೈತಿ.

ಹಿರಿಯರು: ಅದ ನೋಡು! ಮೂವತ್ತು ವರ್ಷ ಈ ಮಾತು ನನಗ ಯಾರೂ ಕೇಳಲಿಲ್ಲ.

ಕಿರಿಯಳು: ನಾ ಒಂದು ನಿಮಗ ಕೇಳತೀನಿ. ಮೊದಲ ಒಂದೊಂದು ಯೋಜನೆಗೆ ಒಂದೊಂದು ಬ್ಯಾಂಕ್ ಖಾತೆ ಇರತಿತ್ತು. ರೊಕ್ಕ ಬಂದು ಅಲ್ಲೇ ಬೀಳತಿತ್ತು. 2021ರಾಗ ಕೇಂದ್ರ ಸರ್ಕಾರ ಒಂದು ಯೋಜನೆಗೆ ಇಡೀ ರಾಜ್ಯದಾಗ ಒಂದ ನೋಡಲ್ ಖಾತೆ ಅಂತ ಮಾಡಿತು. ಕೆಳಗಿನವರದು ಶೂನ್ಯ ಶಿಲ್ಕಿನ ಖಾತೆ, ಬಿಲ್ಲು ಆದಾಗ ಮ್ಯಾಲಿಂದ ಸಂದಾಯ. ಯೋಜನೆಗಳ ರೊಕ್ಕ ಎಲ್ಲಿ ಕುಂತೈತಿ ಅಂತ ಈಗ ಒಂದ ಕಡೆ ಕಾಣತೈತಿ. ಇದೂ ತಪ್ಪೇನು?

ಹಿರಿಯರು: ತಪ್ಪಲ್ಲ. ಕೆಲವು ಪಾಸ್‌ಬುಕ್ಕಿನಾಗ ವರ್ಷಗಟ್ಟಲೆ ಶಿಲ್ಕು ಹಂಗ ಇರತಿತ್ತು, ಯಾವ ಬಾಬತ್ತಿಂದು ಅಂತ ಹೇಳೋರು ಇರತಿದ್ದಿಲ್ಲ. ಖರೆ ಹೊಳಿ ಉಕ್ಕಿದ ರಾತ್ರಿ ಊರಿನ ಕೈಯಾಗ ರೊಕ್ಕ ಬೇಕು. ಕಾಳಜಿ ಕೇಂದ್ರ ತಹಶೀಲ್ದಾರರು ತಗೀತಾರ, ಅವರಿಗೆ ಜಿಲ್ಲಾಧಿಕಾರಿಗಳಿಂದ ಬರತೈತಿ. ಜನ ಬಂದು ಮೊದಲ ನಿಲ್ಲೋದು ಪಂಚಾಯತಿ ಕಟ್ಟಿ ಮುಂದ. ಕಾಗವಾಡ, ನಿಪ್ಪಾಣಿ 2018ರಿಂದ ತಾಲೂಕು ಆದ್ವು, ಕಚೇರಿ ಹತ್ತಿರ ಬಂತು. ಜಿಲ್ಲಾ ಕೇಂದ್ರ ಇನ್ನೂ ಬೆಳಗಾವಿ. 1997ರಾಗ ಚಿಕ್ಕೋಡಿ ಜಿಲ್ಲಾ ಅಂತ ಘೋಷಣೆ ಆಗಿ ಹಿಂದಕ್ಕ ಹೋತು. ಕಾಗವಾಡದವರಿಗೆ ಮೀರಜ ಇಲ್ಲೇ, ಬೆಳಗಾವಿ ಅಷ್ಟು ದೂರ. ಹೊಳಿ ದಂಡಿ ಪಂಚಾಯತಿಗೆ ಮಳಿಗಾಲದ ಮಟ್ಟಿಗೆ ಒಂದು ಸಣ್ಣ ಮೊತ್ತ, ಷರತ್ತಿಲ್ಲದ, ಕೈಯಾಗ ಇರಲಿ. ಲೆಕ್ಕ ಆಮ್ಯಾಲ ಕೇಳ್ರಿ.

ಕಿರಿಯಳು: ಷರತ್ತಿಲ್ಲದ ಅಂದ್ರ ಕೊಡಾಕ ಆಗೂದಿಲ್ಲ. ಷರತ್ತು ಮೊದಲ ಅಲ್ಲ, ಆಮ್ಯಾಲ ಅಂದ್ರ ಆದೀತು. ಖರ್ಚು ಮಾಡ್ರಿ, ತಿಂಗಳೊಳಗ ಗ್ರಾಮಸಭಾದಾಗ ಓದ್ರಿ. ಓದದಿದ್ದರ ಮುಂದಿನ ವರ್ಷ ಇಲ್ಲ.

ಹಿರಿಯರು: ಅದಕ್ಕ ನಾ ಒಪ್ಪತೀನಿ. ಇನ್ನೊಂದು ಐತಿ. ಜಿಲ್ಲಾ, ತಾಲೂಕು ಪಂಚಾಯತಿ ಅವಧಿ 2021ರಾಗ ಮುಗೀತು. ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. ಚುನಾಯಿತ ಮಂಡಳಿ ಇಲ್ಲ ಅಂತ ಹಣಕಾಸು ಆಯೋಗದ ಅವುಗಳ ಪಾಲು ತಡದ್ರಿ. ಚುನಾವಣೆ ಮಾಡಬೇಕಾದವರು ರಾಜ್ಯದವರು. ದಂಡ ಬಿದ್ದದ್ದು ರಾಯಬಾಗ, ಅಥಣಿ ತಾಲೂಕಿನ ರಸ್ತಾಕ್ಕ, ಶಾಲಿಗೆ. ತಪ್ಪು ಮಾಡಿದವರೊಬ್ಬರು, ಉಪವಾಸ ಇನ್ನೊಬ್ಬರು.

ಕಿರಿಯಳು: ರೊಕ್ಕ ಬಿಟ್ಟಿದ್ದರ ಚುನಾವಣೆ ಯಾರಿಗೂ ನೆನಪ ಇರತಿದ್ದಿಲ್ಲ. ಅಧಿಕಾರಿಗಳ ಕೈಯಾಗ ತಾಲೂಕು ಪಂಚಾಯತಿ ಆರಾಮ ನಡೀತೈತಿ ಅಂತ ಆಗಿಬಿಡತಿತ್ತು. ಸಂವಿಧಾನ ಐದು ವರ್ಷಕ್ಕೊಮ್ಮೆ ಚುನಾವಣೆ ಅಂದೈತಿ. ಅದನ್ನ ನೆನಪ ಮಾಡಿಕೊಡಾಕ ಕೇಂದ್ರದ ಕೈಯಾಗ ಇದ್ದದ್ದು ಅನುದಾನ ಒಂದ. ಊರಿಗೆ ನೋವಾತು ಅನ್ನೋದು ಖರೆ. ಅದಕ್ಕ ನನ್ನ ಕಡೆ ಉತ್ತರ ಇಲ್ಲ.

ಹಿರಿಯರು: ಉತ್ತರ ಐತಿ. ದಂಡ ಮ್ಯಾಲಿನವರ ಕಿಸೆಗೆ ಹಾಕ್ರಿ.

ಕಿರಿಯಳು: ಹಂಗಿರೋ ಕಲಮು ಒಂದು ಇತ್ತು ಕಾಕಾ. ಅದ ಹದಿನೈದನೇ ಆಯೋಗದ ಅನುದಾನ ಕೇಂದ್ರದಿಂದ ರಾಜ್ಯಕ್ಕ ಬಂದ ಮ್ಯಾಲ ಹತ್ತು ಕೆಲಸದ ದಿನದೊಳಗ ಸ್ಥಳೀಯ ಸಂಸ್ಥೆಗೆ ಮುಟ್ಟಸಬೇಕಿತ್ತು. ತಡ ಆದರ ರಾಜ್ಯ ಬಡ್ಡಿ ಕಟ್ಟಿ ಕೊಡಬೇಕಿತ್ತು.

ಹಿರಿಯರು: ಬಡ್ಡಿ ಪಂಚಾಯತಿಗೆ?

ಕಿರಿಯಳು: ಪಂಚಾಯತಿಗೆ.

ಹಿರಿಯರು: ಇದನ್ನ ಬರದವರ ಕೈಗೆ ನಮಸ್ಕಾರ. ಇಂಥಾವು ಇನ್ನೂ ನಾಲ್ಕು ಬರೀರಿ. ಅಂದಾಜು ಪತ್ರಿಕೆಗೆ ಮಂಜೂರಾತಿ ಇಷ್ಟು ದಿನದೊಳಗ ಕೊಡದಿದ್ದರ ಆತು ಅಂತ ತಿಳೀಬೇಕು. ಬಳಕೆ ಪ್ರಮಾಣಪತ್ರ ಮ್ಯಾಲಕ್ಕ ಹೋದಂಗ, ಯಾಕ ತಡ ಆತು ಅನ್ನೋ ಪ್ರಮಾಣಪತ್ರ ಕೆಳಕ್ಕ ಬರಬೇಕು. ಕೆಳಗಿನ ಗುಮಾಸ್ತ ಲೆಕ್ಕ ಕೊಡತಾನ. ಮ್ಯಾಲಿನವರು ಯಾರಿಗೆ ಕೊಡತಾರ?

ಕಿರಿಯಳು: ನಾ ಬರೀಬಹುದು. ಕರಡಿನಾಗ ಇಂಥಾ ಕಲಮು ಹಾಕಿದಾಗ ಮೊದಲು ಹೊಡದು ಹಾಕೋದು ಅದನ್ನ. ಕೇಳೋರು ಕೆಳಗಿಂದ ಇಲ್ಲ. ರೊಕ್ಕ ಎಷ್ಟು ಬಂತು ಅಂತ ಕೇಳೋ ಶಾಸಕರಿದ್ದಾರ, ಊರಿನವರಿದ್ದಾರ. ಯಾವ ಷರತ್ತಿನ ಮ್ಯಾಲ ಬಂತು, ಆ ಷರತ್ತು ಯಾಕ ಅಂತ ಕೇಳಿದ ಒಂದು ಗ್ರಾಮಸಭಾ ಠರಾವು ನನ್ನ ಟೇಬಲ್ಲಿಗೆ ಬಂದಿಲ್ಲ. ನೀವೂ ನೌಕರಿಯಾಗ ಇದ್ದಾಗ ಮ್ಯಾಲಕ್ಕ ಉತ್ತರ ಬರದೀರಿ, ಪ್ರಶ್ನೆ ಬರದಿಲ್ಲ.

ಹಿರಿಯರು: ಬರಿಯೋ ಪದ್ಧತಿ ಇದ್ದಿಲ್ಲ.

ಕಿರಿಯಳು: ಈಗ ಬರೀರಿ. ನಾ ಓದತೀನಿ.

ಹಿರಿಯರು ಬರೆದಿದ್ದಾರೆ. ಕಂತು ಏಪ್ರಿಲ್‌ನಲ್ಲಿ ಬಿಡಬೇಕು, ಬಿದ್ದ ಮನೆಯ ಸಂಸಾರಗಳನ್ನು ಹಿಂದಿನ ವರ್ಷದ ಪಡಿತರ ಚೀಟಿಯಿಂದ ಎಣಿಸಬೇಕು, ಹೊಳೆದಂಡೆಯ ಪಂಚಾಯತಿಗೆ ಮಳೆಗಾಲದ ಮೊತ್ತ ಕೈಯಲ್ಲಿರಬೇಕು ಎಂಬ ಮೂರು ಮಾತನ್ನು ಠರಾವಿನ ನಮೂನೆಯಲ್ಲಿ ಬರೆದು ತಮ್ಮ ಊರಿನ ಪಂಚಾಯತಿಗೆ ಕೊಟ್ಟಿದ್ದಾರೆ. ಫೋಟೊ ಬೇಡ ಎಂಬುದನ್ನೂ ಸೇರಿಸಿದ್ದಾರೆ. ಅದನ್ನು ತಾನು ವಿರೋಧಿಸುತ್ತೇನೆಂದು ಅವಳು ಮೊದಲೇ ಹೇಳಿದ್ದಾಳೆ.

ಈ ಐದು ತಾಲೂಕಿನ ಓದುಗರಲ್ಲಿ ನನ್ನದೊಂದು ಕೋರಿಕೆ. ಪ್ರತಿವರ್ಷ ಆಗಸ್ಟ್, ಸೆಪ್ಟೆಂಬರ್ ಸುಮಾರಿಗೆ ನಿಮ್ಮ ಗ್ರಾಮ ಪಂಚಾಯತಿಯಲ್ಲಿ ಜಮಾಬಂದಿ ನಡೆಯಬೇಕು. ಹಿಂದಿನ ವರ್ಷದ ಲೆಕ್ಕವನ್ನು ಜನರ ಎದುರು ಓದುವ ದಿನ ಅದು. ಪಂಚಾಯತಿಗೆ ಬಂದ ಹಣಕಾಸು ಆಯೋಗದ ಹಣ, ಆದ ಖರ್ಚು ಇ-ಗ್ರಾಮಸ್ವರಾಜ್ ತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಇವೆ. ಅದನ್ನು ಮೊದಲೇ ನೋಡಿಕೊಂಡು ಜಮಾಬಂದಿಗೆ ಹೋಗಿ. ಎಷ್ಟು ಬಂತು ಎಂದು ಕೇಳಿ, ಯಾವ ಷರತ್ತಿನ ಮೇಲೆ ಬಂತು ಎಂದೂ ಕೇಳಿ. ಆ ಷರತ್ತು ನಿಮ್ಮ ಊರಿಗೆ ಒಗ್ಗದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಹಾಗೆಂದು ಠರಾವು ಮಾಡಿಸಿ ಮೇಲಕ್ಕೆ ಕಳಿಸಿ.